ಪಠ್ಯಾಧಾರಿತ ಸಂವಾದಾತ್ಮಕ ಕಥನದಲ್ಲಿ ಪುರುಷ ಮತ್ತು ಕಾಲ

ಪಠ್ಯಾಧಾರಿತ ಸಂವಾದಾತ್ಮಕ ಕಥನವು ಚಿತ್ರಗಳಿಲ್ಲದೆ ಬರಹದ ಮೂಲಕವೇ ನಡೆಯುವ ಗಣಕಯಂತ್ರದ ಆಟ. ಆಟಗಾರನು ಆಜ್ಞೆಯನ್ನು ಬೆರಳಚ್ಚಿಸುತ್ತಾನೆ, ಅದರ ಫಲವನ್ನು ಆಟವು ವಾಕ್ಯರೂಪದಲ್ಲಿ ತಿಳಿಸುತ್ತದೆ. ಈ ವಾಕ್ಯಗಳು ಯಾವ ಪುರುಷದಲ್ಲಿ ಮತ್ತು ಯಾವ ಕಾಲದಲ್ಲಿ ಇರುತ್ತವೆ ಎಂಬುದರ ಮೇಲೆ ಆಟಗಾರನಿಗೂ ಕಥಾಪಾತ್ರಕ್ಕೂ ಇರುವ ಸಂಬಂಧ ನಿಂತಿದೆ. ಮಧ್ಯಮ ಪುರುಷ ಮತ್ತು ವರ್ತಮಾನ ಕಾಲ ಈ ಪ್ರಕಾರದ ರೂಢಿಯಾಗಿವೆ.

ಪುರುಷ

ಕನ್ನಡ ವ್ಯಾಕರಣ ಪರಂಪರೆಯಲ್ಲಿ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, 'ಅವನು, ಅವಳು, ಅದು' ಪ್ರಥಮ ಪುರುಷ. ವಿಲ್ ಕ್ರೌಥರ್ ರಚಿಸಿ 1977ರಲ್ಲಿ ಡಾನ್ ವುಡ್ಸ್ ವಿಸ್ತರಿಸಿದ 'ಅಡ್ವೆಂಚರ್' ಆಟದಲ್ಲಿ ಗಣಕಯಂತ್ರವು ತನ್ನನ್ನು 'ನಾನು' ಎಂದೂ ಆಟಗಾರನನ್ನು 'ನೀನು' ಎಂದೂ ಕರೆಯುತ್ತದೆ. ಸ್ಕಾಟ್ ಆಡಮ್ಸ್‌ನ 'ಅಡ್ವೆಂಚರ್‌ಲ್ಯಾಂಡ್' (1978) ಸ್ಥಳವರ್ಣನೆಗೂ ಉತ್ತಮ ಪುರುಷವನ್ನು ಬಳಸಿತು. ಆಡಮ್ ಕೇಡ್ರ್‌ನ 'ಫೋಟೋಪಿಯಾ'ದಲ್ಲಿ (1998) ಆಟಗಾರನು ಬೇರೆ ಬೇರೆ ಪಾತ್ರಗಳಾಗುವುದರಿಂದ 'ನೀನು' ಯಾರು ಎಂಬುದೇ ಬದಲಾಗುತ್ತ ಹೋಗುತ್ತದೆ.

ಕಾಲ

ಆಜ್ಞೆ ಕೊಟ್ಟ ಕ್ಷಣದಲ್ಲಿ ಫಲ ಇನ್ನೂ ನಿಶ್ಚಿತವಾಗಿರುವುದಿಲ್ಲ. ಆದ್ದರಿಂದ ವರ್ತಮಾನ ಕಾಲ ಈ ಪ್ರಕಾರಕ್ಕೆ ಸಹಜವಾಗಿ ಒದಗುತ್ತದೆ. ಭೂತಕಾಲವು ಎಲ್ಲವೂ ನಡೆದುಹೋಗಿದೆ ಎಂಬ ಭಾವವನ್ನು ತರುತ್ತದೆ. ಆಂಡ್ರ್ಯೂ ಪ್ಲಾಟ್ಕಿನ್‌ನ 'ಸ್ಪೈಡರ್ ಅಂಡ್ ವೆಬ್' (1998) ಈ ಎರಡನ್ನೂ ಬೆಸೆದಿದೆ: ಆಟಗಾರನು ನಡೆಸುವ ಕ್ರಿಯೆಗಳು ವಿಚಾರಣೆಯಲ್ಲಿ ಸಿಲುಕಿದವನು ಕೊಡುವ ಹೇಳಿಕೆಯಾಗಿದ್ದು, ನಂಬಲಾಗದ ಹೇಳಿಕೆಯನ್ನು ವಿಚಾರಣಾಧಿಕಾರಿ ತಳ್ಳಿಹಾಕುತ್ತಾನೆ. ಗ್ರಹಾಂ ನೆಲ್ಸನ್ ರೂಪಿಸಿದ 'ಇನ್‌ಫಾರ್ಮ್' ರಚನಾ ವ್ಯವಸ್ಥೆಯ 2014ರ ಆವೃತ್ತಿಯಿಂದ ಲೇಖಕರು ಆಟದ ಪುರುಷ ಮತ್ತು ಕಾಲಗಳನ್ನು ತಾವೇ ಆರಿಸಿಕೊಳ್ಳಬಹುದು.

ಕನ್ನಡದ ವ್ಯಾಕರಣ ಮತ್ತು ನಿರೂಪಣೆ

ಕನ್ನಡದಲ್ಲಿ ಕ್ರಿಯಾಪದದ ಪ್ರತ್ಯಯವೇ ಪುರುಷವನ್ನು ಸೂಚಿಸುವುದರಿಂದ ಇಂಗ್ಲಿಷ್ ಆಟಗಳ ರೂಢಿ ಇಲ್ಲಿ ಹಾಗೆಯೇ ಹೊಂದುವುದಿಲ್ಲ.

ಮೊದಲನೆಯದು ಗೌರವದ ಪ್ರಶ್ನೆ. ಆಟವು ಆಟಗಾರನನ್ನು 'ನೀನು' ಎನ್ನಬೇಕೇ 'ನೀವು' ಎನ್ನಬೇಕೇ ಎಂಬುದನ್ನು ಮೊದಲ ವಾಕ್ಯದಲ್ಲೇ ನಿರ್ಧರಿಸಬೇಕಾಗುತ್ತದೆ. 'ನೀನು' ಸಲುಗೆಯನ್ನೋ ಅಧಿಕಾರವನ್ನೋ ತೋರಿದರೆ 'ನೀವು' ಅಂತರವನ್ನು ಕಾಯ್ದುಕೊಳ್ಳುತ್ತದೆ. ಎರಡರಲ್ಲೂ ಲಿಂಗಸೂಚನೆ ಇಲ್ಲ. ಪ್ರಥಮ ಪುರುಷಕ್ಕೆ ಹೊರಳಿದರೆ 'ತೆರೆದನು', 'ತೆರೆದಳು' ಎಂದು ಪಾತ್ರದ ಲಿಂಗವನ್ನು ಹೇಳಲೇಬೇಕು ಅಥವಾ ಗೌರವವಾಚಕ 'ತೆರೆದರು' ರೂಪವನ್ನು ಬಳಸಬೇಕು.

ಎರಡನೆಯದು ಕಾಲದ ಸಂದಿಗ್ಧತೆ. 'ನೀನು ಬಾಗಿಲು ತೆರೆಯುತ್ತೀಯೆ' ಎಂಬ ವರ್ತಮಾನ ರೂಪವು ಭವಿಷ್ಯವನ್ನೂ ಸೂಚಿಸಬಲ್ಲದು. ಕೊನೆಯ ಸ್ವರ ದೀರ್ಘವಾದರೆ ಅದು ಪ್ರಶ್ನೆಯಾಗುತ್ತದೆ. ಭೂತಕಾಲದಲ್ಲಿ 'ನಾನು ತೆರೆದೆ', 'ನೀನು ತೆರೆದೆ' ಎರಡೂ ಒಂದೇ ರೂಪ. ಸರ್ವನಾಮವನ್ನು ಬಿಟ್ಟು 'ಬಾಗಿಲು ತೆರೆದೆ' ಎಂದಷ್ಟೇ ಬರೆದರೆ ತೆರೆದವರು ನಿರೂಪಕರೋ ಆಟಗಾರರೋ ತಿಳಿಯದು. 'ತೆರೆದೆನು', 'ತೆರೆದಿರಿ' ರೂಪಗಳಲ್ಲಿ ಈ ಗೊಂದಲವಿಲ್ಲ. ಧಾರವಾಡ, ಹಾವೇರಿ ಕಡೆಯ ಆಡುಮಾತಿನಲ್ಲಿಯೂ 'ನಾ ಬಂದೆ', 'ನೀ ಬಂದಿ' ಎಂಬ ವ್ಯತ್ಯಾಸ ಉಳಿದಿದೆ. ಹಾನಗಲ್ಲು ತಾಲ್ಲೂಕಿನ ಆಡೂರಿನಂಥ ಊರಿನಲ್ಲಿ ನಡೆಯುವ ಕಥೆಗೆ ಇಂಥ ಆಡುರೂಪವು ಸ್ಥಳೀಯತೆಯ ಜೊತೆಗೆ ಸ್ಪಷ್ಟತೆಯನ್ನೂ ಕೊಡಬಲ್ಲದು.

ಪುರುಷದ ಗೊಡವೆಯನ್ನೇ ತಪ್ಪಿಸುವ ಮಾರ್ಗವೂ ಕನ್ನಡದಲ್ಲಿದೆ. 'ಬಾಗಿಲು ತೆರೆಯಿತು. ಒಳಗೆ ಕತ್ತಲೆ ಇದೆ. ಮೂಲೆಯಲ್ಲಿ ಕೀಲಿಕೈ ಸಿಕ್ಕಿತು' ಎಂಬಲ್ಲಿ ಕ್ರಿಯಾಪದಗಳು ವಸ್ತುಗಳನ್ನು ಅನುಸರಿಸುತ್ತವೆ. ನಡೆದ ಕ್ರಿಯೆಗೆ ಭೂತಕಾಲ, ಎದುರಿಗಿರುವ ಸ್ಥಿತಿಗೆ ವರ್ತಮಾನ ಕಾಲ ಬಂದರೂ ಓದು ತೊಡರುವುದಿಲ್ಲ. ಆಟಗಾರನನ್ನು ಹೆಸರಿಸಲೇಬೇಕಾದಾಗ 'ನಿಮಗೆ ಕೀಲಿಕೈ ಸಿಕ್ಕಿತು' ಎಂಬ ಚತುರ್ಥೀ ವಿಭಕ್ತಿಯ ರಚನೆ ಸಾಕಾಗುತ್ತದೆ. ಹೀಗೆ ಬರೆದಾಗ 'ನೀವು' ಎಂಬ ಪದವು ಪ್ರತಿ ವಾಕ್ಯದಲ್ಲೂ ಮರುಕಳಿಸುವುದಿಲ್ಲ.