ನಂಟೇ ಬಂಡವಾಳ: ಸರಪಳಿ ಮಾರಾಟದಲ್ಲಿ ಸದಸ್ಯರನ್ನು ಸೇರಿಸುವ ಬಗೆ

ಸರಕು ಎಷ್ಟು ಮಾರಾಟವಾಯಿತು ಎಂಬುದಕ್ಕಿಂತ ಎಷ್ಟು ಜನ ಸೇರಿದರು ಎಂಬುದಕ್ಕೇ ಹೆಚ್ಚು ಬೆಲೆ ಕಟ್ಟುವ ವ್ಯಾಪಾರವೊಂದಿದ್ದು, ಅದನ್ನು ನಡೆಸುವ ಕಂಪನಿಗಳು ನೆಟ್‌ವರ್ಕ್ ಮಾರ್ಕೆಟಿಂಗ್, ಬಹುಹಂತದ ಮಾರಾಟ, ನೇರ ಮಾರಾಟ ಎಂಬ ಹೆಸರುಗಳಿಂದ ಗುರುತಿಸಿಕೊಂಡರೂ ಜನಸಾಮಾನ್ಯರ ಬಾಯಲ್ಲಿ ಅದು ಚೈನ್ ಲಿಂಕ್ ಎಂದೇ ಉಳಿದಿದೆ. ಕಂಪನಿಯ ಸೋಪು, ಪುಷ್ಟಿಪುಡಿ ಅಥವಾ ಪ್ರಸಾಧನ ಸಾಮಗ್ರಿಯನ್ನು ಕೊಂಡು ಸದಸ್ಯನಾದವನು ತನ್ನ ಕೆಳಗೆ ಬೇರೆಯವರನ್ನು ಸೇರಿಸುತ್ತಾನೆ, ಅವರು ಮತ್ತಷ್ಟು ಜನರನ್ನು ಸೇರಿಸುತ್ತಾರೆ, ಮತ್ತು ಕೆಳಗಿನವರ ಖರೀದಿಯ ಒಂದು ಪಾಲು ಕಮಿಷನ್ ರೂಪದಲ್ಲಿ ಮೇಲಿನವರಿಗೆ ಹೋಗುತ್ತದೆ. ಸೇರಿಸಿದವನನ್ನು ಅಪ್‌ಲೈನ್ ಎಂದೂ ಸೇರಿದವರನ್ನು ಡೌನ್‌ಲೈನ್ ಎಂದೂ ಕರೆಯುವುದು ಈ ವಲಯದ ರೂಢಿ. ಇದರಲ್ಲಿ ಮೋಸ ಹೋದವರ ಸಂಖ್ಯೆ ದೊಡ್ಡದಾಗಿದ್ದರೂ ಠಾಣೆಯ ಮೆಟ್ಟಿಲು ಹತ್ತುವವರು ಕಡಿಮೆ, ಹತ್ತಿದರೂ ತಡವಾಗಿ. ಅದಕ್ಕೆ ಕಾರಣವನ್ನು ಜನರ ಅಜ್ಞಾನದಲ್ಲಿ ಹುಡುಕುವುದಕ್ಕಿಂತ ಸದಸ್ಯರನ್ನು ಸೇರಿಸುವ ವಿಧಾನದಲ್ಲಿ ಹುಡುಕುವುದೇ ಸರಿ.

ಈ ವಿಷಯವನ್ನು ಅರಿಯಲು ವಯನಾಡು ಜಿಲ್ಲೆ ತಕ್ಕ ನೆಲ. ಮಾನಂದವಾಡಿಯ ಹೊಳೆ ಪನಮರಂ ಹೊಳೆಯನ್ನು ಕೂಡಿ ಕಬಿನಿಯಾಗುವ ಕೂಡಲ್‌ಕಡವಿಗೆ ಸಮೀಪದಲ್ಲಿರುವ ಪಯ್ಯಂಪಳ್ಳಿ, ಸುತ್ತಲಿನ ಊರುಗಳಂತೆಯೇ, ಕಾಳುಮೆಣಸು ಮತ್ತು ಕಾಫಿಯನ್ನು ನೆಚ್ಚಿಕೊಂಡ ಊರು. 1990ರ ದಶಕದ ಕೊನೆಯಿಂದ ಮೆಣಸಿನ ಬೆಲೆ ಕುಸಿದು, ಬಳ್ಳಿಗೆ ಸೊರಗು ರೋಗವೂ ತಗುಲಿದ ಮೇಲೆ ಜಿಲ್ಲೆಯ ರೈತರು ಸಾಲದಲ್ಲಿ ಸಿಲುಕಿದರು. 2006ರಲ್ಲಿ ಕೇಂದ್ರ ಸರ್ಕಾರ ರೈತರ ಆತ್ಮಹತ್ಯೆ ಹೆಚ್ಚಿದ್ದ 31 ಜಿಲ್ಲೆಗಳಿಗೆ ಪರಿಹಾರದ ಯೋಜನೆ ಘೋಷಿಸಿದಾಗ ಕೇರಳದಿಂದ ವಯನಾಡು, ಪಾಲಕ್ಕಾಡು, ಕಾಸರಗೋಡು ಸೇರಿದವು, ಕರ್ನಾಟಕದ ಆರು ಜಿಲ್ಲೆಗಳಲ್ಲಿ ನೆರೆಯ ಕೊಡಗೂ ಒಂದಾಗಿತ್ತು. ಬೆಳೆಯೊಂದರ ಆದಾಯ ಕೈಕೊಟ್ಟಲ್ಲಿ ಎರಡನೆಯ ಆದಾಯದ ಮಾತಿಗೆ ಕಿವಿ ತೆರೆದಿರುತ್ತದೆ. ಜೊತೆಗೆ ಗುತ್ತಿಗೆಗೆ ಹೊಲ ಹಿಡಿದು ಶುಂಠಿ ಬೆಳೆಯಲು ಎಚ್.ಡಿ. ಕೋಟೆ, ಹುಣಸೂರು, ಕೊಡಗಿನ ಕಡೆಗೆ ಹೋಗಿಬರುವ ವಯನಾಡಿನ ರೈತರು, ಜಿಲ್ಲೆಯ ಒಳಗೇ ಇರುವ ಕನ್ನಡ ಮೂಲದ ಜೈನ ಗೌಡರು, ಕನ್ನಡಕ್ಕೆ ಹತ್ತಿರದ ನುಡಿಗಳನ್ನಾಡುವ ಬೆಟ್ಟಕುರುಬ ಮತ್ತು ಕಾಟ್ಟುನಾಯಕ ಸಮುದಾಯಗಳು, ಗಲ್ಫ್ ದೇಶಗಳಲ್ಲಿ ದುಡಿಯುವ ಮಕ್ಕಳು, ತಿರುವಾಂಕೂರಿನಿಂದ ಬಂದು ನೆಲೆಸಿದ ಕುಟುಂಬಗಳ ಹಳೆಯ ನೆಂಟಸ್ತಿಕೆ, ಇವೆಲ್ಲ ಸೇರಿ ಪರಿಚಯದ ಜಾಲವನ್ನು ಬಹುದೂರ ಹರಡಿವೆ. ಸದಸ್ಯರನ್ನು ಹುಡುಕುವವನಿಗೆ ಬೇಕಾದುದೂ ಅಂಥ ಜಾಲವೇ.

ಕೇರಳಕ್ಕೆ ಇಂಥ ಯೋಜನೆಗಳ ಅನುಭವ ಹೊಸತಲ್ಲ. 1990ರ ದಶಕದಲ್ಲಿ ಆಡು ಸಾಕಣೆ, ತೇಗ ಮತ್ತು ಮಾಂಜಿಯಂ ಎಂಬ ಅಕೇಶಿಯಾ ಜಾತಿಯ ಮರಗಳ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡ ಕಂಪನಿಗಳು ಮುಳುಗಿದ ಕಥೆ ಅಲ್ಲಿ ಇಂದಿಗೂ ಗಾದೆಯಂತೆ ಬಳಕೆಯಲ್ಲಿದೆ. ಬಳಿಕ ಬಂದ ಎಲ್‌ಐಎಸ್ ದೀಪಸ್ತಂಭಂ ಎಂಬ ಯೋಜನೆ ಇನ್ನೂ ಚಮತ್ಕಾರಿಕವಾದುದು: ಒಂದು ಘಟಕಕ್ಕೆ 625 ರೂಪಾಯಿ ಕಟ್ಟಿದವರಿಗೆ ಲಾಟರಿ ಟಿಕೆಟ್‌ಗಳನ್ನು ಕೊಡುತ್ತ, ಮುಂದೆ ಸೇರುವವರು ಕಟ್ಟುವ ಹಣದಿಂದ ದುಪ್ಪಟ್ಟು, ಅಂದರೆ 1,250 ರೂಪಾಯಿ ಕೊಡುವ ಭರವಸೆಯನ್ನು ಅದು ನೀಡಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 2008ರ ತೀರ್ಪಿನಲ್ಲಿ ನ್ಯಾಯಾಲಯ ಆರೋಪಿಗಳ ಪರ ವಾದವನ್ನು ಒಪ್ಪದೆ, ಹೊಸ ಸದಸ್ಯರು ಕೊನೆಯಿಲ್ಲದೆ ಬರುತ್ತಲೇ ಇರದ ಹೊರತು ಇಂಥ ಯೋಜನೆ ಗಣಿತದ ದೃಷ್ಟಿಯಿಂದಲೇ ಅಸಾಧ್ಯ ಎಂಬ ನಿಲುವನ್ನು ಎತ್ತಿಹಿಡಿಯಿತು.

ಆ ಗಣಿತ ಪ್ರಾಥಮಿಕ ಶಾಲೆಯ ಗುಣಾಕಾರಕ್ಕಿಂತ ಹೆಚ್ಚಿನದಲ್ಲ. ಪಯ್ಯಂಪಳ್ಳಿಯ ಒಬ್ಬ ವ್ಯಕ್ತಿ ಆರು ಜನರನ್ನು ಸೇರಿಸಿ, ಆ ಆರೂ ಮಂದಿ ತಲಾ ಆರು ಜನರನ್ನು ಸೇರಿಸಿದರೆ ಎರಡನೆಯ ಹಂತದಲ್ಲಿ 36, ಮೂರನೆಯದರಲ್ಲಿ 216, ನಾಲ್ಕನೆಯದರಲ್ಲಿ 1,296 ಜನರಾಗುತ್ತಾರೆ. ಏಳನೆಯ ಹಂತಕ್ಕೆ ಬೇಕಾಗುವವರು 2,79,936, ಎಂಟನೆಯದಕ್ಕೆ 16,79,616. 2011ರ ಜನಗಣತಿಯಂತೆ ಇಡೀ ವಯನಾಡು ಜಿಲ್ಲೆಯ ಜನಸಂಖ್ಯೆ 8,17,420 ಆಗಿದ್ದು, ತೊಟ್ಟಿಲ ಮಗುವನ್ನೂ ಹಾಸಿಗೆ ಹಿಡಿದ ಮುದುಕರನ್ನೂ ಸೇರಿಸಿಕೊಂಡರೂ ಎಂಟನೆಯ ಹಂತ ತುಂಬಲು ಅದರ ಎರಡರಷ್ಟು ಜನ ಬೇಕಾಗುತ್ತಾರೆ. ಸಭೆಗಳಲ್ಲಿ ಬಿಳಿ ಹಲಗೆಯ ಮೇಲೆ ವೃತ್ತಗಳನ್ನು ಬರೆದು ತೋರಿಸುವ ಲೀಡರು ಮೂರನೆಯ ಅಥವಾ ನಾಲ್ಕನೆಯ ಸಾಲಿಗೇ ಮಾರ್ಕರ್ ಕೆಳಗಿಡುವುದು ಈ ಕಾರಣಕ್ಕೇ ಇರಬೇಕು. ಸೇರುವವರು ಇಂತಿಷ್ಟರಲ್ಲಿ ಮುಗಿಯುತ್ತಾರೆಂಬುದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಏಳು ಹಂತಗಳು ಪೂರ್ತಿಯಾದ ಕ್ಷಣದಲ್ಲಿ ಒಟ್ಟು 3,35,923 ಸದಸ್ಯರಲ್ಲಿ ಕೊನೆಯ ಸಾಲಿನವರೇ 2,79,936. ಅಂದರೆ ನೂರಕ್ಕೆ 83 ಮಂದಿಯ ಕೆಳಗೆ ಒಬ್ಬರೂ ಇರುವುದಿಲ್ಲ. ಸರಪಳಿ ಎಲ್ಲಿ ನಿಂತರೂ, ಬೇಗ ನಿಂತರೂ ತಡವಾಗಿ ನಿಂತರೂ, ಈ ಪ್ರಮಾಣ ಬಹುತೇಕ ಹೀಗೆಯೇ ಇರುತ್ತದೆ. ಎಡಕ್ಕೊಬ್ಬರು, ಬಲಕ್ಕೊಬ್ಬರು ಎಂದು ಇಬ್ಬರನ್ನು ಮಾತ್ರ ಸೇರಿಸಿ ಜೋಡಿಗೆ ಹಣ ಕೊಡುವ ಬೈನರಿ ಯೋಜನೆಯಲ್ಲೂ ಅರ್ಧಕ್ಕಿಂತ ಹೆಚ್ಚು ಜನ ತಳದ ಸಾಲಿನಲ್ಲೇ ಇರುತ್ತಾರೆ. ಶ್ರಮಪಟ್ಟವರು ಗೆಲ್ಲುತ್ತಾರೆ, ಸೋಮಾರಿಗಳು ಸೋಲುತ್ತಾರೆ ಎಂಬ ಸಭೆಯ ಮಾತು ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ, ಏಕೆಂದರೆ ಎಲ್ಲರೂ ಸಮಾನವಾಗಿ ಶ್ರಮಪಟ್ಟರೂ ತಳದ ಸಾಲು ಖಾಲಿ ಕೈಯಲ್ಲೇ ಉಳಿಯುವಂತೆ ರಚನೆಯೇ ಇದೆ.

ಹಾಗಿದ್ದೂ ಜನ ಸೇರುವುದು ಹೇಗೆ? ಅದಕ್ಕೊಂದು ಪಳಗಿದ ಕ್ರಮವಿದೆ. ಹೊಸ ಸದಸ್ಯನಿಗೆ ಮೊದಲು ಒಪ್ಪಿಸುವ ಕೆಲಸ ಹೆಸರುಗಳ ಪಟ್ಟಿ ತಯಾರಿಸುವುದು: ಒಡಹುಟ್ಟಿದವರು, ಬೀಗರು, ಸಹಪಾಠಿಗಳು, ಮದುವೆಗೆ ಕರೆದವರು, ಫೋನಿನಲ್ಲಿ ನಂಬರು ಉಳಿದವರು, ಯಾರನ್ನೂ ಬಿಡದೆ ಬರೆಯಬೇಕು, ಯಾರು ಸೇರುತ್ತಾರೆ ಯಾರು ಇಲ್ಲವೆಂದು ಮೊದಲೇ ತೀರ್ಮಾನಿಸಬಾರದು ಎಂಬುದು ಪಾಠ. ಎರಡನೆಯದು ಕರೆಯುವ ಕಲೆ. ಕಂಪನಿಯ ಹೆಸರನ್ನಾಗಲಿ ಕಟ್ಟಬೇಕಾದ ಹಣವನ್ನಾಗಲಿ ಹೇಳದೆ, ಒಂದು ಒಳ್ಳೆಯ ಅವಕಾಶವಿದೆ, ಒಬ್ಬರನ್ನು ಪರಿಚಯಿಸಬೇಕು ಎಂದಷ್ಟೇ ಹೇಳಿ ಕರೆದೊಯ್ಯಬೇಕು. ಮೂರನೆಯದು ಪ್ಲಾನ್ ತೋರಿಸುವ ಸಭೆ. ಅಲ್ಲಿ ಕರೆದುತಂದವನು ಮಾತನಾಡುವುದಿಲ್ಲ, ಕೋಟು ತೊಟ್ಟ ಅಪ್‌ಲೈನ್ ಮಾತನಾಡುತ್ತಾನೆ. ಕಾರಿನ, ವಿದೇಶ ಪ್ರವಾಸದ, ಚೆಕ್ಕಿನ ಚಿತ್ರಗಳು ತೆರೆಯ ಮೇಲೆ ಬರುತ್ತವೆ, ಸಾಧಕರೆನಿಸಿಕೊಂಡವರನ್ನು ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸಲಾಗುತ್ತದೆ. ನಾಲ್ಕನೆಯದು ಬೆನ್ನು ಬಿಡದ ಫಾಲೋ ಅಪ್. ಸಂಶಯ ಪಡುವ ಅಣ್ಣನೋ ಗಂಡನೋ ಹೆಂಡತಿಯೋ ಇದ್ದರೆ ಅವರನ್ನು ನೆಗೆಟಿವ್ ಜನ ಎಂದು ಕರೆದು ಅವರಿಂದ ದೂರವಿರಲು ಕಲಿಸಲಾಗುತ್ತದೆ. ಈ ಕೊನೆಯ ಪಾಠವೇ ಉಳಿದೆಲ್ಲಕ್ಕಿಂತ ಕ್ರೂರವಾದುದು, ಏಕೆಂದರೆ ಲೆಕ್ಕ ಕೇಳುವ ಬುದ್ಧಿಯುಳ್ಳವರನ್ನೇ ಅದು ಮನೆಯ ಮಾತುಕತೆಯಿಂದ ಹೊರಗಿಡುತ್ತದೆ.

ಹುಡುಕಾಟದಲ್ಲಿ ಮೊದಲು ಕಣ್ಣಿಗೆ ಬೀಳುವವರು ಈಗಾಗಲೇ ಹತ್ತಾರು ಜನರ ವಿಶ್ವಾಸ ಗಳಿಸಿದವರು. ಶಿಕ್ಷಕರು, ವಿಮಾ ಏಜೆಂಟರು, ನಿವೃತ್ತ ನೌಕರರು, ಸ್ವಸಹಾಯ ಗುಂಪುಗಳ ಮಹಿಳೆಯರು ಸದಸ್ಯರನ್ನು ಹುಡುಕುವವರಿಗೆ ದೊರೆತರೆ ಒಬ್ಬರ ಹಿಂದೆ ಒಂದು ಕೂಟವೇ ಬರುತ್ತದೆ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್‌ಕೂಟ್ಟಗಳು, ಅಂದರೆ ನೆರೆಹೊರೆಯ ಮಹಿಳಾ ಗುಂಪುಗಳು, ಮತ್ತು ಕರ್ನಾಟಕದ ಹಳ್ಳಿಹಳ್ಳಿಗಳ ಸಂಘಗಳು ವಾರವಾರದ ಉಳಿತಾಯದಿಂದ ವರ್ಷಗಟ್ಟಲೆ ಕೂಡಿಟ್ಟ ನಂಬಿಕೆಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಸರಪಳಿ ವ್ಯಾಪಾರ ಆ ಬೆಲೆಯನ್ನು ತೆರದೆಯೇ ಅದನ್ನು ಬಳಸಿಕೊಳ್ಳಬಲ್ಲುದು.

ಸೇರಿದವನು ಹಣ ಕಳೆದುಕೊಂಡೆನೆಂದು ಅರಿಯುವ ಹೊತ್ತಿಗೆ ತನ್ನ ಭಾವಮೈದುನನನ್ನೂ ಪಕ್ಕದ ಮನೆಯವರನ್ನೂ ಸೇರಿಸಿಬಿಟ್ಟಿರುತ್ತಾನೆ. ದೂರು ಕೊಡಬೇಕಾದರೆ ತನ್ನನ್ನು ಸೇರಿಸಿದ ಸ್ವಂತ ಚಿಕ್ಕಪ್ಪನ ಮೇಲೆ ಕೊಡಬೇಕು, ಮತ್ತು ತನ್ನ ಮೇಲೂ ಅಂಥದೇ ದೂರು ಬರಬಹುದೆಂಬ ಭಯದಲ್ಲಿರಬೇಕು. ಈ ಭಯ ಕಲ್ಪಿತವಲ್ಲ. ರಿಸರ್ವ್ ಬ್ಯಾಂಕು ನೇಮಿಸಿದ್ದ ಜೇಮ್ಸ್ ಎಸ್. ರಾಜ್ ಅಧ್ಯಯನ ತಂಡದ ಶಿಫಾರಸಿನ ಹಿನ್ನೆಲೆಯಲ್ಲಿ ಬಂದ 1978ರ ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆಯು, ಸದಸ್ಯರನ್ನು ಸೇರಿಸುವುದನ್ನೇ ಆಧಾರವಾಗಿಟ್ಟುಕೊಂಡು ಬೇಗನೆ ಅಥವಾ ಸುಲಭವಾಗಿ ಹಣ ಸಿಗುವುದೆಂದು ಒಡ್ಡುವ ಯೋಜನೆಯನ್ನು ಹಣ ಪರಿಚಲನೆ ಎಂದು ಕರೆದು, ಅದನ್ನು ನಡೆಸುವುದನ್ನು ಮಾತ್ರವಲ್ಲದೆ ಅದರಲ್ಲಿ ಸದಸ್ಯನಾಗಿ ಸೇರುವುದನ್ನೂ ಭಾಗವಹಿಸುವುದನ್ನೂ ನಿಷೇಧಿಸುತ್ತದೆ. ಶಿಕ್ಷೆ ಮೂರು ವರ್ಷಗಳ ಸೆರೆವಾಸದವರೆಗೂ ಹೋಗಬಹುದು. ಜನರನ್ನು ಕಾಪಾಡಲು ಬರೆದ ಈ ಮಾತೇ ದೂರುದಾರರ ಬಾಯಿಗೆ ಬೀಗ ಹಾಕುವ ಸಾಧನವೂ ಆಗುತ್ತದೆಂಬುದನ್ನು ಶಾಸಕಾಂಗ ಯೋಚಿಸಿದಂತೆ ಕಾಣುವುದಿಲ್ಲ. ಮೋಸ ಹೋದವನೇ ಮೋಸದ ಪಾಲುದಾರನಾಗುವಂತೆ ಹೆಣೆದಿರುವುದರಿಂದ ಸರಪಳಿ ಮುರಿದ ಮೇಲೂ ಮೌನ ಮುರಿಯುವುದಿಲ್ಲ.

ವಯನಾಡಿನಲ್ಲಿ ಕೆಲವರು ಆ ಮೌನವನ್ನು ಮುರಿದದ್ದರಿಂದ ದೇಶದ ಗಮನ ಸೆಳೆದ ಘಟನೆ ನಡೆಯಿತು. ಜಿಲ್ಲೆಯಲ್ಲಿ ದಾಖಲಾಗಿದ್ದ ದೂರುಗಳ ಆಧಾರದ ಮೇಲೆ 2013ರ ಮೇ 27ರಂದು ವಯನಾಡಿನ ಅಪರಾಧ ವಿಭಾಗದ ಪೊಲೀಸರು ಆಮ್ವೇ ಇಂಡಿಯಾದ ಮುಖ್ಯಾಧಿಕಾರಿ ವಿಲಿಯಂ ಸ್ಕಾಟ್ ಪಿಂಕ್ನಿ ಮತ್ತು ಇಬ್ಬರು ನಿರ್ದೇಶಕರನ್ನು ಕೋಳಿಕ್ಕೋಡಿನಲ್ಲಿ ಬಂಧಿಸಿದರು. ಅವರಿಗೆ ಬೇಗನೆ ಜಾಮೀನು ದೊರೆಯಿತು. ಅಂದಿನ ಕೇಂದ್ರ ಕಂಪನಿ ವ್ಯವಹಾರಗಳ ಸಚಿವ ಸಚಿನ್ ಪೈಲಟ್ ಬಂಧನದ ಬಗ್ಗೆ ಬೇಸರ ವ್ಯಕ್ತಪಡಿಸಿದರು. ತನ್ನದು ಕಾನೂನಿಗೆ ಒಳಪಟ್ಟ ನೇರ ಮಾರಾಟವೇ ಹೊರತು ಹಣ ಪರಿಚಲನೆಯಲ್ಲ ಎಂಬುದು ಕಂಪನಿಯ ನಿಲುವು. ಆದರೆ ಆಂಧ್ರಪ್ರದೇಶ ಹೈಕೋರ್ಟ್ 2007ರಲ್ಲೇ ಆ ಕಂಪನಿಯ ಯೋಜನೆ 1978ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಹೇಳಿತ್ತು. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಅದರ 757.77 ಕೋಟಿ ರೂಪಾಯಿಯ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು.

ಈ ವ್ಯಾಪಾರ ಹುಟ್ಟಿದ ಅಮೆರಿಕದಲ್ಲೂ ಇದೇ ವಿವಾದ ಹಳೆಯದು. 1945ರಲ್ಲಿ ನ್ಯೂಟ್ರಿಲೈಟ್ ಪುಷ್ಟಿಮಾತ್ರೆಗಳ ಮಾರಾಟಕ್ಕಾಗಿ ರೂಪಿಸಿದ ಹಂತಹಂತದ ಕಮಿಷನ್ ಪದ್ಧತಿಯಲ್ಲಿ ಪಳಗಿದ ರಿಚ್ ಡೆವೋಸ್ ಮತ್ತು ಜೇ ವ್ಯಾನ್ ಆಂಡೆಲ್ 1959ರಲ್ಲಿ ಆಮ್ವೇ ಕಟ್ಟಿದರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ಅದು ಅಕ್ರಮ ಪಿರಮಿಡ್ ಅಲ್ಲವೆಂದು ತೀರ್ಮಾನಿಸಿದ್ದು, ಮಾರಾಟವಾಗದ ಸರಕನ್ನು ಹಿಂಪಡೆಯುವುದು, ಹೊರಗಿನ ಗಿರಾಕಿಗಳಿಗೆ ಮಾರುವುದು ಮುಂತಾದ ನಿಯಮಗಳು ಕಂಪನಿಯಲ್ಲಿದ್ದವು ಎಂಬ ಕಾರಣಕ್ಕೆ. ಅದೇ ಆಯೋಗದ ಸಿಬ್ಬಂದಿ 70 ಬಹುಹಂತದ ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ವಿವರಗಳನ್ನು ಪರಿಶೀಲಿಸಿ 2024ರಲ್ಲಿ ಹೊರತಂದ ವರದಿಯ ಪ್ರಕಾರ, ಹೆಚ್ಚಿನ ಸದಸ್ಯರ ಸಂಪಾದನೆ ವರ್ಷಕ್ಕೆ ಸಾವಿರ ಡಾಲರು ಅಥವಾ ಅದಕ್ಕೂ ಕಡಿಮೆ, ಅದೂ ಅವರು ಮಾಡಿದ ಖರ್ಚನ್ನು ಕಳೆಯುವ ಮೊದಲಿನ ಲೆಕ್ಕ.

ಭಾರತದಲ್ಲಿ ನೇರ ಮಾರಾಟಕ್ಕೆ ಮಾರ್ಗಸೂಚಿ ರೂಪಿಸಿದ ಮೊದಲಿಗರಲ್ಲಿ ಕೇರಳ ಸೇರಿದ್ದು, ಅದು 2011ರಲ್ಲೇ ಆ ಹೆಜ್ಜೆ ಇಟ್ಟಿತು. ಕೇಂದ್ರ ಸರ್ಕಾರ 2016ರಲ್ಲಿ ಮಾದರಿ ಮಾರ್ಗಸೂಚಿಯನ್ನೂ, 2021ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳನ್ನೂ ತಂದಿತು. ಈ ನಿಯಮಗಳು ಪಿರಮಿಡ್ ಯೋಜನೆಯನ್ನು, ಅಂದರೆ ಹೊಸಬರನ್ನು ಸೇರಿಸಿದ್ದಕ್ಕೇ ಲಾಭ ಕೊಡುವ ಜಾಲವನ್ನು, ನಿಷೇಧಿಸುತ್ತವೆ. ಬೇರೆಯವರನ್ನು ಸೇರಿಸಿದರೆ ಕೊಟ್ಟ ಹಣ ವಾಪಸು ಬರುತ್ತದೆಂದು ಹೇಳಿ ಸರಕು ಮಾರುವುದನ್ನೂ ತಡೆಯುತ್ತವೆ. ಮಾರುವವನು ಗುರುತಿನ ಚೀಟಿ ಮತ್ತು ಮುಂಚಿತ ಒಪ್ಪಿಗೆ ಇಲ್ಲದೆ ಯಾರ ಮನೆಗೂ ಹೋಗಬಾರದೆನ್ನುತ್ತವೆ. ನಿಯಮ ಬಂದು ಎರಡು ವರ್ಷ ತುಂಬುತ್ತಿದ್ದಂತೆ ತ್ರಿಶೂರಿನ ಹೈರಿಚ್ ಆನ್‌ಲೈನ್ ಶಾಪಿ ಎಂಬ ದಿನಸಿ ಮಾರಾಟದ ಸರಪಳಿಯ ಮೇಲೆ ಪ್ರಕರಣಗಳು ಎದ್ದವು, 1,630 ಕೋಟಿ ರೂಪಾಯಿಯ ವಂಚನೆಯ ಆರೋಪವನ್ನು ಪೊಲೀಸರು ಮಾಡಿದರು, 2024ರಲ್ಲಿ ಜಾರಿ ನಿರ್ದೇಶನಾಲಯವೂ ತನಿಖೆಗಿಳಿಯಿತು. ಸಾಕ್ಷರತೆಗೆ ಹೆಸರಾದ ರಾಜ್ಯದಲ್ಲಿ, ಸುಪ್ರೀಂ ಕೋರ್ಟಿನ ತೀರ್ಪೂ ಹಳೆಯ ಗಾದೆಯೂ ಎಲ್ಲರಿಗೂ ತಿಳಿದಿರುವಾಗ, ಇದು ಮತ್ತೆ ನಡೆಯಿತು. ಓದು ಬರಹಕ್ಕಿಂತ ನೆಂಟರ ಮಾತಿಗೆ ತೂಕ ಹೆಚ್ಚು ಎಂಬುದನ್ನು ಸದಸ್ಯರನ್ನು ಸೇರಿಸುವವರು ಸರ್ಕಾರಕ್ಕಿಂತ ಚೆನ್ನಾಗಿ ಅರಿತಿದ್ದಾರೆ.

ಆದ್ದರಿಂದ ಪರಿಚಿತರು ಪ್ಲಾನ್ ತೋರಿಸಲು ಬಂದಾಗ ಓದುಗರು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಯಾರೊಬ್ಬರನ್ನೂ ಸೇರಿಸದೆ, ಬರೀ ಸರಕನ್ನು ಸದಸ್ಯರಲ್ಲದವರಿಗೆ ಮಾರಿ, ಕಳೆದ ವರ್ಷ ಅವರಿಗೆ ಬಂದ ನಿವ್ವಳ ಆದಾಯವೆಷ್ಟು? ಲಿಖಿತ ಉತ್ತರ ಸಿಗದಿದ್ದರೆ ಸಹಿ ಹಾಕಬಾರದು. ಈಗಾಗಲೇ ಹಣ ಕಟ್ಟಿದವರು ಇನ್ನೊಬ್ಬರನ್ನು ಸೇರಿಸಿ ನಷ್ಟ ತುಂಬಿಕೊಳ್ಳುವ ಯೋಚನೆ ಬಿಟ್ಟು, ರಶೀದಿ ಮತ್ತು ಸಂದೇಶಗಳನ್ನು ಜೋಪಾನವಾಗಿಟ್ಟುಕೊಂಡು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನಾಗಲಿ ಹತ್ತಿರದ ಪೊಲೀಸ್ ಠಾಣೆಯನ್ನಾಗಲಿ ತಡಮಾಡದೆ ಸಂಪರ್ಕಿಸಬೇಕು.