ಪ್ರಜಾಪ್ರಭುತ್ವದಲ್ಲಿ ವೃತ್ತಪತ್ರಿಕೆಗಳ ಸ್ಥಾನ

ನಮ್ಮ ತಂದೆಯವರಿಗೆ ಓದು ಬರಹ ಬಾರದು. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಕುಳಿತು ಅವರಿಗೆ ಪತ್ರಿಕೆ ಓದಿ ಹೇಳುವುದು ನನ್ನ ವಾಡಿಕೆ. ಎಲ್ಲವನ್ನೂ ಆಲಿಸಿದ ಮೇಲೆ ಅವರು ಕೇಳುವುದು ಒಂದೇ ಪ್ರಶ್ನೆ: "ನಮ್ಮೂರ ಕಡೇದು ಏನಾದ್ರೂ ಬಂದೈತೇನಪ್ಪ?"

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು. ಆದರೆ ರಾಜ್ಯದಲ್ಲಿ ನಡೆಯುವುದೆಲ್ಲವನ್ನೂ ಅವನು ಕಣ್ಣಾರೆ ಕಾಣಲಾರ. ಅವನಿಗೆ ಸುದ್ದಿ ಮುಟ್ಟಿಸುವ ಚಾರರೇ ಪತ್ರಿಕೆಗಳು. ಚಾರನು ಸುಳ್ಳಾಡಿದರೆ, ಇಲ್ಲವೆ ಬಾಯಿ ಮುಚ್ಚಿಕೊಂಡರೆ, ಪ್ರಭುವು ಕುರುಡನಾಗುತ್ತಾನೆ.

ಇದಕ್ಕೆ ನಿದರ್ಶನ 1943ರ ಬಂಗಾಳದ ಕ್ಷಾಮ. ಲಕ್ಷಗಟ್ಟಲೆ ಜನ ಹಸಿವಿನಿಂದಲೂ ರೋಗದಿಂದಲೂ ಮಡಿದರು. ಯುದ್ಧಕಾಲದ ಕಟ್ಟುಪಾಡುಗಳಿಂದಾಗಿ ಅದರ ಘೋರತೆ ಬಹುಕಾಲ ಹೊರಗೆ ತಿಳಿಯಲಿಲ್ಲ. ಆಗಸ್ಟ್ ತಿಂಗಳಿನಲ್ಲಿ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಹಸಿದವರ ಛಾಯಾಚಿತ್ರಗಳನ್ನು ಅಚ್ಚುಮಾಡಿದಾಗ ಸರ್ಕಾರಕ್ಕೆ ಸತ್ಯವನ್ನು ಮರೆಮಾಚುವುದು ಕಷ್ಟವಾಯಿತು. ಚುನಾವಣೆಗಳೂ ಸ್ವತಂತ್ರ ಪತ್ರಿಕೆಗಳೂ ಇರುವ ದೇಶದಲ್ಲಿ ಮಹಾಕ್ಷಾಮ ತಲೆದೋರುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದಾರೆ. ಕಾರಣ ಸ್ಪಷ್ಟ: ಮತಕ್ಕೆ ಅಂಜುವ ಸರ್ಕಾರವು, ಎಲ್ಲರ ಕಣ್ಣಿಗೂ ಬಿದ್ದ ಹಸಿವನ್ನು ಅಲಕ್ಷಿಸಲಾರದು.

ನಮ್ಮ ಸಂವಿಧಾನದ 19ನೆಯ ವಿಧಿಯಲ್ಲಿ ಪತ್ರಿಕೆ ಎಂಬ ಮಾತೇ ಇಲ್ಲ. ವಾಕ್ ಸ್ವಾತಂತ್ರ್ಯದಲ್ಲಿಯೇ ಪತ್ರಿಕಾ ಸ್ವಾತಂತ್ರ್ಯವೂ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 1950ರಿಂದಲೂ ಎತ್ತಿ ಹಿಡಿದಿದೆ. ಆದರೆ ಕಾಗದದ ಮೇಲಿನ ರಕ್ಷಣೆಯೊಂದೇ ಸಾಲದೆಂಬುದು 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ತಿಳಿಯಿತು. ಸುದ್ದಿಗಳಿಗೆ ಅಚ್ಚಾಗುವ ಮುನ್ನವೇ ಸರ್ಕಾರದ ಒಪ್ಪಿಗೆ ಬೇಕಾಯಿತು. 'ಇಂಡಿಯನ್ ಎಕ್ಸ್‌ಪ್ರೆಸ್' ತನ್ನ ಸಂಪಾದಕೀಯದ ಸ್ಥಳವನ್ನು ಖಾಲಿ ಬಿಟ್ಟು ಪ್ರತಿಭಟಿಸಿತು. ಹಾಗೆ ಮಾಡುವ ಧೈರ್ಯ ಎಲ್ಲ ಪತ್ರಿಕೆಗಳಿಗೂ ಇರಲಿಲ್ಲ.

ಪತ್ರಿಕೆಗಳಲ್ಲಿ ದೋಷವಿಲ್ಲವೆಂದಲ್ಲ. ಜಾಹೀರಾತಿನ ಹಂಗು, ಒಡೆಯರ ಹಿತ, ನಗರದ ಮೇಲಿನ ವ್ಯಾಮೋಹ ಇವು ಅವುಗಳ ದನಿಯನ್ನು ಕುಗ್ಗಿಸುತ್ತವೆ. ಹಳ್ಳಿಯ ಸುದ್ದಿಗೆ ಸಿಗುವುದು ಮೂಲೆಯ ನಾಲ್ಕು ಸಾಲು.

ಆದರೂ ಆ ನಾಲ್ಕು ಸಾಲಿನ ಬೆಲೆಯನ್ನು ನಾನು ಬಲ್ಲೆ. ಹೋದ ಬೇಸಗೆಯಲ್ಲಿ ನಮ್ಮೂರಿನ ಕೊಳವೆಬಾವಿ ಕೆಟ್ಟು ಎರಡು ತಿಂಗಳಾಗಿತ್ತು. ಕೊಟ್ಟ ಅರ್ಜಿಗಳಿಗೆ ಉತ್ತರವಿರಲಿಲ್ಲ. ನಾನು ಪತ್ರಿಕೆಯ ವಾಚಕರ ವಿಭಾಗಕ್ಕೊಂದು ಕಾಗದ ಬರೆದೆ. ಅದು ಪ್ರಕಟವಾದ ವಾರದೊಳಗೆ ರಿಪೇರಿಯವರು ಬಂದರು. ಓದಲು ಬಾರದ ನಮ್ಮ ತಂದೆ ಆ ತುಣುಕನ್ನು ಜಮೀನಿನ ಪಹಣಿಯೊಡನೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ವಿದ್ಯಾರ್ಥಿಮಿತ್ರರೇ, ಪತ್ರಿಕೆಯನ್ನು ಓದುವುದಷ್ಟೇ ನಮ್ಮ ಕರ್ತವ್ಯವಲ್ಲ. ಓದಲಾರದವರ ಪರವಾಗಿ ಅದಕ್ಕೆ ಬರೆಯುವುದೂ ನಮ್ಮದೇ ಹೊಣೆ.