ಸಾರನಾಥದಲ್ಲೊಂದು ಸುತ್ತು

ಕಾಶಿಗೆ ಹೋದಾಗ ಅರ್ಧ ದಿನ ಸಾರನಾಥಕ್ಕೆ ಇಡಿ. ಸುಮಾರು ಹತ್ತು ಕಿಲೋಮೀಟರ್ ಅಷ್ಟೇ. ಆಟೋದವರ ಅವಸರಕ್ಕೆ ಕಿವಿಗೊಡದೆ ಇಳಿದು ನಡೆಯಿರಿ.

ಉತ್ಖನನದ ಆವರಣ ಹೊಕ್ಕರೆ ಮೊದಲಿಗೆ ಇಟ್ಟಿಗೆಯ ದುಂಡನೆಯ ತಳಪಾಯ. ಜನ ದಾಟಿ ಹೋಗುತ್ತಾರೆ, ನೀವು ನಿಲ್ಲಿ. ಇದು ಧರ್ಮರಾಜಿಕ ಸ್ತೂಪ. 1794ರಲ್ಲಿ ಕಾಶಿಯ ಜಗತ್ ಸಿಂಗ್ ಕಡೆಯವರು ಪೇಟೆ ಕಟ್ಟಲು ಇದರ ಇಟ್ಟಿಗೆ ಕಿತ್ತೊಯ್ದರು. ಒಳಗೆ ಕರಂಡಕದಲ್ಲಿದ್ದ ಅಸ್ಥಿ ಗಂಗೆಯ ಪಾಲಾಯಿತು!

ಅಲ್ಲೇ ಉತ್ತರಕ್ಕೆ ಅಶೋಕಸ್ತಂಭದ ಮುರಿದ ಬುಡ. ಅಲ್ಲಿಂದ ಪೂರ್ವಕ್ಕೆ ಧಮೇಖ್ ಸ್ತೂಪ, ಎತ್ತರ ಸುಮಾರು 43 ಮೀಟರ್. ದೇವಸ್ಥಾನದಲ್ಲಿ ಮಾಡುವಂತೆ ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬನ್ನಿ. ಕಲ್ಲಿನ ಬಳ್ಳಿಯ ಕೆತ್ತನೆ ಹತ್ತಿರದಿಂದ ಕಾಣುತ್ತದೆ.

ಮರಳಿ ರಸ್ತೆ ದಾಟಿದರೆ ಮ್ಯೂಸಿಯಂ. ಆ ಸ್ತಂಭದ ಮೇಲಿದ್ದ, ಈಗ ನಮ್ಮ ನಾಣ್ಯಗಳ ಮೇಲಿರುವ ಸಿಂಹಗಳು ಇಲ್ಲಿವೆ. ಶುಕ್ರವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.